ಭಂಡಾರ ಹಿಡಿದ ದೆವ್ವ

ಕುರುಮಯ್ಯನ ಸಿಟ್ಟಿಗೆ ಆ ದಿನ ಸರಿಯಾಗಿ ಮೂರು ತಿಂಗಳು ತುಂಬಿತ್ತು. ಸಿಟ್ಟು ನಮ್ಮೂರಲ್ಲಿ ಯಾರಿಗೆ ಬರುವುದಿಲ್ಲ? ನಳದ ನೀರು ನಿಂತರೆ ಬರುತ್ತದೆ. ಕೈ ಮಾಡಿದರೂ ಗದ್ವಾಲ್ ಬಸ್ಸು ನಿಲ್ಲದೆ ಹೋದರೆ ಬರುತ್ತದೆ. ಉಂಡೆದ್ದ ಬೀಗರು ಸಾರು ಸಪ್ಪಗಿತ್ತು ಎಂದರಂತೂ ಎರಡು ತಲೆಮಾರಿಗೆ ಆಗುವಷ್ಟು ಬರುತ್ತದೆ. ಆದರೆ ನಮ್ಮ ಸಿಟ್ಟೆಲ್ಲ ಬಾಯಿಂದ ಹೊರಗೆ ಹೋಗಿ, ಓಣಿ ತಿರುಗಿ, ಸಂಜೆಗೆ ತಣ್ಣಗಾಗುತ್ತದೆ. ಕುರುಮಯ್ಯನ ಸಿಟ್ಟಿಗೆ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಬಾಯಿಗೆ ಅವನೇ ಬೀಗ ಹಾಕಿಕೊಂಡಿದ್ದ. ಬೀಗದ ಕೈಯನ್ನು ಬೀರಪ್ಪದೇವರ ಕೈಗೆ ಕೊಟ್ಟು ಕುಳಿತಿದ್ದ.

ಅದು ಹೀಗಾಯಿತು.

ಇಟಿಕ್ಯಾಲದಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಎಡಕ್ಕೆ ಹೊರಳಿ, ಎರಡು ಹಳ್ಳ ದಾಟಿ, ಆನೆ ಮಲಗಿದಂತಿರುವ ಬಂಡೆಗಳ ಆಚೆ ಹೋದರೆ ಕುರುಮಯ್ಯನ ಹೊಲದ ಮನೆ. ಎರಡು ಕೋಣೆ, ಒಂದು ಪಡಸಾಲೆ, ಪಕ್ಕದಲ್ಲಿ ಮುಳ್ಳುಬೇಲಿಯ ಕುರಿದೊಡ್ಡಿ. ಕೂಗಿದರೆ ಓಗೊಡಲು ಒಂದು ನರಪಿಳ್ಳೆಯಿಲ್ಲ. ಆದರೆ ಕುರುಮಯ್ಯ ಅದನ್ನು ಮನೆ ಎಂದು ಕರೆಯುತ್ತಿರಲಿಲ್ಲ. "ನಮ್ಮ ಫಾರಂಹೌಸಿನ್ಯಾಗ," ಎನ್ನುತ್ತಿದ್ದ. ಅಲ್ಲಿ ಅವನು, ತಾಯಿ ಬಾಲಮ್ಮ, ಹೆಂಡತಿ ಅನಂತಮ್ಮ ಮತ್ತು ಅರವತ್ತೆರಡು ಕುರಿಗಳು ವಾಸವಾಗಿದ್ದರು.

ದೀಪಾವಳಿ ಕಳೆದ ವಾರ. ಅನಂತಮ್ಮನ ತಂಗಿಯ ಕೂಸಿಗೆ ಹೆಸರಿಡುವ ಕಾರ್ಯವೆಂದು ಅತ್ತೆ ಸೊಸೆ ಇಬ್ಬರೂ ಎರಡು ದಿನಕ್ಕೆ ಮಕ್ತಲಕ್ಕೆ ಹೋಗಿದ್ದರು. ಅವರ ಬಸ್ಸು ಹೋದ ದಾರಿಯಲ್ಲೇ ಒಂದು ಆಟೋ ಬಂತು. ಅದರಿಂದ ಇಳಿದವನು ಭಾನುಪ್ರಕಾಶ. ಗದ್ವಾಲಿನಲ್ಲಿ ಮದುವೆ ವಿಡಿಯೋ ತೆಗೆಯುವವನು. ಹನ್ನೆರಡು ವರ್ಷ ಮದುವೆಗಳನ್ನೇ ತೆಗೆದೂ ತೆಗೆದೂ ಮನುಷ್ಯರ ಮೇಲೆ ಬೇಸರ ಹುಟ್ಟಿ, ದೆವ್ವದ ಸಿನಿಮಾ ಮಾಡಲು ಹೊರಟಿದ್ದ. ಅವನ ಜೊತೆ ಒಂದು ಕ್ಯಾಮೆರಾ, ಒಂದು ಕೊಡೆ, ಒಬ್ಬ ಹೀರೋ, ಮತ್ತು ದೆವ್ವದ ಪಾತ್ರಕ್ಕೆಂದು ಕರ್ನೂಲಿನಿಂದ ಕರೆಸಿದ ಒಬ್ಬ ನಟಿ ಇದ್ದರು.

"ಅಣ್ಣಾ, ಒಂಟಿ ಮನಿ ಬೇಕಿತ್ತು. ಸುತ್ತ ಒಂದು ಹುಳಾನೂ ಇರಬಾರದು," ಎಂದ ಭಾನುಪ್ರಕಾಶ.

"ಹುಳ ಬೇಕಾದಷ್ಟು ಅದಾವ್ರಿ. ಮನುಷ್ಯಾರು ಇಲ್ಲ," ಎಂದ ಕುರುಮಯ್ಯ ಪ್ರಾಮಾಣಿಕವಾಗಿ.

ಆ ಮಾತು ಐದೇ ನಿಮಿಷದಲ್ಲಿ ಸಾಬೀತಾಯಿತು. ದೊಡ್ಡಿಯ ಪಕ್ಕ ನಿಂತಿದ್ದ ನಟಿಯ ಕುತ್ತಿಗೆಗೆ ಒಂದು ಉಣ್ಣೆಹುಳ ಹತ್ತಿತು. ಕುರಿಯ ರಕ್ತ ಕುಡಿದು ಬೇಸತ್ತಿದ್ದ ಆ ಉಣ್ಣೆಗೆ ಕರ್ನೂಲಿನ ರಕ್ತ ಹೊಸದು, ಬಿಡಲಿಲ್ಲ. ಆಕೆ ಹಾಕಿದ ಕೂಗು ಸಿನಿಮಾದಲ್ಲಿ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಭಾನುಪ್ರಕಾಶ ಇಂದಿಗೂ ಕೊರಗುತ್ತಾನೆ. ಆದರೆ ಕ್ಯಾಮೆರಾ ಇನ್ನೂ ಚೀಲದಲ್ಲಿತ್ತು. ಬಂದ ಆಟೋದಲ್ಲೇ ದೆವ್ವ ಕರ್ನೂಲಿಗೆ ವಾಪಸು ಹೋಯಿತು.

ಭಾನುಪ್ರಕಾಶ ತಲೆಯ ಮೇಲೆ ಕೈ ಹೊತ್ತು ಕುಳಿತ. ಆಮೇಲೆ ತಲೆಯೆತ್ತಿ ಕುರುಮಯ್ಯನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಆರಡಿ ಎತ್ತರ, ತೊಗಲಿಗೆ ಹತ್ತಿದ ಎಲುಬು, ಮೊಣಕಾಲು ನೋವಿನಿಂದಾಗಿ ಎಡಕ್ಕೆ ವಾಲುವ ನಡಿಗೆ.

"ಅಣ್ಣಾ, ನಿನ್ನ ನಡಿಗ್ಯಾಗ ಒಂದು ಭಯ ಐತಿ."

"ಅದು ಮೊಣಕಾಲ ವಾಯು ರಿ."

"ನೀನು ದೆವ್ವ ಆಗು. ನಿನ್ನ ಹೆಸರು ತೆರೆ ಮ್ಯಾಲ ಬರ್ತೈತಿ. ದೊಡ್ಡ ಅಕ್ಷರದಾಗ."

ಇಲ್ಲಿ ಓದುಗರು ಕುರುಮಯ್ಯನನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ನಮ್ಮೂರಿನ ಬಸ್ ನಿಲ್ದಾಣದ ಫ್ಲೆಕ್ಸ್ ಬೋರ್ಡುಗಳಲ್ಲಿ ಹಬ್ಬದ ಶುಭಾಶಯ ಕೋರುತ್ತಾ ಎಲ್ಲರ ಮುಖವೂ ಒಂದಲ್ಲ ಒಂದು ಸಲ ಬಂದಿದೆ. ಅವನ ದಾಯಾದಿ ಮಲ್ಲೇಶನ ಮುಖ ನಾಲ್ಕು ಸಲ ಬಂದಿದೆ, ಒಂದರಲ್ಲಿ ಕಪ್ಪು ಕನ್ನಡಕ ಬೇರೆ. ಮುಖ ಬಾರದೆ ಉಳಿದ ಗಂಡಸು ಕುರುಮಯ್ಯ ಒಬ್ಬನೇ. ಅಂಥವನಿಗೆ ತೆರೆಯ ಮೇಲೆ, ದೊಡ್ಡ ಅಕ್ಷರದಲ್ಲಿ ಎಂದರೆ ಏನಾಗಬೇಡ?

ಒಪ್ಪಿದ. ಆಗ ಭಾನುಪ್ರಕಾಶ ಒಂದು ಕಾಗದ ಮುಂದೆ ಹಿಡಿದ. "ಸಿನಿಮಾ ತೆರೆ ಮ್ಯಾಲ ಬರೋ ತನಕ ಈ ವಿಷಯ ಯಾರಿಗೂ ಹೇಳಂಗಿಲ್ಲ ಅಂತ ಒಂದು ದಸ್ಕತ್ತು ಹಾಕಣ್ಣಾ. ಕಥಿ ಹೊರಗ ಹೋದ್ರ ಯಾರೂ ಅಂಜಂಗಿಲ್ಲ."

ಹಾಕಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಕಾಗದದ ಮೇಲಿನ ದಸ್ಕತ್ತಿಗೆ ನಮ್ಮೂರಲ್ಲಿ ಯಾವನೂ ಒಂದು ದಿನ ನಿದ್ದೆಗೆಟ್ಟ ದಾಖಲೆಯಿಲ್ಲ. ಆದರೆ ಆಗತಾನೇ ಕಲಾವಿದನಾಗಿದ್ದ ಕುರುಮಯ್ಯನಿಗೆ ಕಾಗದ ನೋಡಿ ಅವಮಾನವಾಯಿತು.

"ಕಾಗದಾ? ನಾವು ಬೀರಪ್ಪನ ಒಕ್ಕಲು ರಿ. ನಮ್ಮ ಮಾತಿಗೆ ಕಾಗದ ಬೇಕಾ?" ಎಂದವನೇ ಸೊಂಟದ ಚೀಲ ಬಿಚ್ಚಿ, ದೇವರ ಅರಿಶಿನದ ಪುಡಿ, ನಾವು ಭಂಡಾರ ಎನ್ನುವುದನ್ನು, ಅಂಗೈಯಲ್ಲಿ ಹಿಡಿದ. "ಬೀರಪ್ಪಾ, ಈ ಸಿನಿಮಾ ತೆರೆ ಮ್ಯಾಲ ಬರೋ ತನಕ ಈ ಮಾತು ಗೊತ್ತಿಲ್ದವರ ಕಿವಿಗೆ ನಾನು ಹಾಕಂಗಿಲ್ಲ. ಹಾಕಿದ್ರ ನನ್ನ ಕುರಿ ಹಟ್ಟಿ ಬರಿದಾಗ್ಲಿ."

ಭಾನುಪ್ರಕಾಶನಿಗೆ ಇದೇನೆಂದೇ ತಿಳಿಯಲಿಲ್ಲ. ಹಣೆಗೆ ಹಚ್ಚಿಕೊಳ್ಳುವುದಿರಬೇಕೆಂದು ಒಂದು ಚಿಟಿಕೆ ತೆಗೆದು ತಾನೂ ಹಚ್ಚಿಕೊಂಡ.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಶೂಟಿಂಗ್. "ದೆವ್ವ ರಾತ್ರಿ ಬರಬೇಕಲ್ರಿ?" ಎಂದು ಕುರುಮಯ್ಯ ಕೇಳಿದ್ದಕ್ಕೆ ಭಾನುಪ್ರಕಾಶ ನಕ್ಕ. "ರಾತ್ರಿ ತೆಗೀಬೇಕಂದ್ರ ಲೈಟ್ ಬೇಕು, ಜನರೇಟರ್ ಬೇಕು. ಮಧ್ಯಾಹ್ನ ತೆಗೆದು ಆಮ್ಯಾಲ ಕಂಪ್ಯೂಟರ್‌ನ್ಯಾಗ ನೀಲಿ ಬಳಿತೀನಿ. ಸೂರ್ಯನೇ ಚಂದ್ರ ಆಗ್ತಾನ."

ನಟಿಯ ಜೊತೆ ಉಡುಪಿನ ಪೆಟ್ಟಿಗೆಯೂ ಕರ್ನೂಲಿಗೆ ಹೋಗಿತ್ತು. ಆದ್ದರಿಂದ ದೆವ್ವಕ್ಕೆ ಅನಂತಮ್ಮನ ಟ್ರಂಕಿನಿಂದ ಆಕೆಯ ಮದುವೆಯ ಗದ್ವಾಲ್ ಸೀರೆ ಬಂತು; ಬೆಳ್ಳನೆಯ ಹತ್ತಿಯ ಒಡಲು, ಕೆಂಪು ರೇಷ್ಮೆಯ ಅಂಚು. ತಲೆಗೂದಲಿಗೆ ಬಾಲಮ್ಮ ಬೀರಪ್ಪನ ಗದ್ದುಗೆಯ ಕಂಬಳಿಗೆಂದು ಮೀಸಲಿಟ್ಟಿದ್ದ ಕರಿ ಉಣ್ಣೆಯ ಗಂಟು ಬಂತು. ರಕ್ತಕ್ಕೆ ಬೆಲ್ಲದ ಪಾಕದಲ್ಲಿ ಕುಂಕುಮ. ಉಣ್ಣೆ ಮೂಗಿನ ತನಕ ಇಳಿದು ಕುರುಮಯ್ಯನಿಗೆ ಕಣ್ಣೇ ಕಾಣದಂತಾಯಿತು.

"ಕೂಗಣ್ಣಾ! ಮೈ ನಡುಗೋ ಹಂಗ ಕೂಗು!"

ಕುರುಮಯ್ಯನಿಗೆ ಗೊತ್ತಿದ್ದದ್ದು ಒಂದೇ ಕೂಗು. "ಹುರ್ರೋ... ಹೋಹೋಹೋ!" ಎಂದು ಎರಡೂ ಕೈ ಚಾಚಿ, ಎಡಕ್ಕೆ ವಾಲುತ್ತಾ ಓಡಿದ. ಕೂಗು ಕೇಳಿದ ಅರವತ್ತೆರಡು ಕುರಿಗಳು ಒಡೆಯ ಕರೆದನೆಂದು ದೊಡ್ಡಿಯ ಬಾಗಿಲು ದೂಡಿಕೊಂಡು ದೆವ್ವದ ಹಿಂದೆ ಓಡಿದವು. ಭಾನುಪ್ರಕಾಶ ಆನಂದದಿಂದ ಕ್ಯಾಮೆರಾ ಹಿಡಿದು ಎತ್ತೆತ್ತಲೋ ತಿರುಗಿಸಿದ.

ಆ ಸಂಜೆ ಎಣಿಸಿದರೆ ಅರವತ್ತೊಂದೇ ಕುರಿ. ಬಿಳಿ ಬಾಲದ ಕರಿ ಮರಿ ಇಲ್ಲ. ತೋಳ ಒಯ್ದಿರಬೇಕೆಂದು ಕುರುಮಯ್ಯ ಬಂಡೆಗಳ ಸುತ್ತ ಕೋಲು ಹಿಡಿದು ತಿರುಗಿ, ತೋಳದ ಏಳು ತಲೆಮಾರನ್ನು ಬೈದು ಬಂದ. ಬೈಯಲು ಅವನಿಗೆ ಸಿಕ್ಕ ಕಡೆಯ ಅವಕಾಶ ಅದು.

ಹೆಂಗಸರು ಮಕ್ತಲದಿಂದ ಬಂದರು. ಬಾಲಮ್ಮ ಉಣ್ಣೆಯ ಗಂಟು ಹುಡುಕಿದಳು. ಅನಂತಮ್ಮ ಟ್ರಂಕು ತೆರೆದಳು. ಮಡಚಿಟ್ಟ ಸೀರೆಯಿಂದ ಕೆಂಜಿರುವೆಗಳ ಒಂದು ಸಾಲು ಹೊರಟು ಗೋಡೆಯ ತನಕ ಹೋಗಿತ್ತು.

"ಏನ್ರೀ, ನನ್ನ ಸೀರಿ ಯಾರು ಉಟ್ಟಿದ್ರು?"

ಕುರುಮಯ್ಯ ಆಕಾಶ ನೋಡಿದ.

"ನೆರಗಿ ಬಿಚ್ಚೇತಿ. ಅಂಚಿಗೆ ಮುಳ್ಳು ಹತ್ತೇತಿ. ಮ್ಯಾಲ ಬೆಲ್ಲ ಬಿದ್ದೈತಿ. ಬೆಲ್ಲ! ನಾನು ಮನಿಯಾಗ ಇಲ್ದಾಗ ಯಾವಾಕಿಗೆ ಹೋಳಿಗಿ ತಿನಿಸಿದ್ರಿ?"

"ಯಾವಾಕಿನೂ ಇಲ್ಲ."

"ಹಂಗಾರ ಸೀರಿ ತಾನೇ ಎದ್ದು ಹೊಲ ಸುತ್ತಿ ಬಂತಾ?"

ಹೇಳಬಹುದಾದ ಒಂದೇ ಒಂದು ನಿಜ ಅವನ ನಾಲಿಗೆಯ ತುದಿಗೆ ಬಂದು, ಭಂಡಾರದ ನೆನಪಾಗಿ, ಗಂಟಲಿಗೆ ಇಳಿಯಿತು. ಇಳಿಯುವಾಗ ಅವನ ಮುಖ ಕಳ್ಳನ ಮುಖದಂತೆ ಆಯಿತು. ಅನಂತಮ್ಮ ಆ ಮುಖವನ್ನೇ ನೋಡುತ್ತಿದ್ದಳು. ಅದೇ ಸಂಜೆಯ ಬಸ್ಸಿಗೆ ಮತ್ತೆ ಮಕ್ತಲಕ್ಕೆ ಹೋದಳು. ಈ ಸಲ ಟ್ರಂಕು ಸಮೇತ.

ಮನೆಯೊಳಗೆ ಹೀಗೆ ಯಾವಳೋ ಒಬ್ಬಳು ಹುಟ್ಟಿಕೊಂಡರೆ, ಊರೊಳಗೆ ಇನ್ನೊಬ್ಬಳು ಹುಟ್ಟಿಕೊಂಡಿದ್ದಳು. ಹೋಟೆಲಿನ ಬೆಂಚಿನ ಮೇಲೆ ಕುಳಿತು ಮಲ್ಲೇಶ ಆಕೆಯನ್ನು ಎಂಟನೆಯ ಸಲ ವರ್ಣಿಸುತ್ತಿದ್ದ.

"ಎಮ್ಮಿ ಹುಡುಕ್ಕೊಂಡು ಬಂಡಿಗಲ್ಲಿನ ಕಡೆ ಹೋಗಿದ್ದೆ. ಮಟಮಟ ಮಧ್ಯಾಹ್ನ. ಕುರುಮ್ಯಾನ ಮನಿಯಿಂದ ಬಂತು ನೋಡ್ರಿ! ತಾಳಿಮರದಷ್ಟು ಎತ್ತರ. ನೆಲದ ತನಕ ಕೂದಲ. ಮೈ ತುಂಬ ರಕ್ತ. ಹುರ್ರೋ ಅಂತ ಕುರಿ ಕರೀತಿತ್ತು! ಕುರಿಯೆಲ್ಲ ಅದರ ಹಿಂದ!"

ಮಲ್ಲೇಶ ತನ್ನ ಎಮ್ಮೆಯನ್ನು ಹೋದ ವರ್ಷವೇ ಐಜದ ಸಂತೆಯಲ್ಲಿ ಮಾರಿದ್ದ. ಆದರೆ ದೆವ್ವದ ಕಥೆ ನಡೆಯುವಾಗ ಎಮ್ಮೆಯ ವಿಚಾರ ಯಾರು ಕೇಳುತ್ತಾರೆ? ಜನರ ತಲೆಬಿಸಿ ಬೇರೆಯೇ ಇತ್ತು. ರಾತ್ರಿ ಬರುವ ದೆವ್ವಕ್ಕೆ ತಾಯಿತವಿದೆ, ನಿಂಬೆಹಣ್ಣಿದೆ, ಬಾಗಿಲಿಗೆ ಬರೆಯುವ ಬರಹವಿದೆ. ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಿಗೂ ಅಂಜದೆ ತಿರುಗುವ ದೆವ್ವಕ್ಕೆ ಏನು ಮಾಡುವುದು? ಅದೂ ಕುರಿ ಕರೆಯುವ ಕೂಗು ಬಲ್ಲ ದೆವ್ವ! ಹಾಗಾದರೆ ಅದು ಆ ಮನೆತನದ್ದೇ, ಬಾಲಮ್ಮನ ಅತ್ತೆಯೇ ಇರಬೇಕು ಎಂದು ಮೂರನೆಯ ಚಹಾಕ್ಕೆ ತೀರ್ಮಾನವಾಯಿತು.

ಅಲ್ಲಿಂದ ಕುರುಮಯ್ಯನ ಮನೆಯ ಕಡೆ ಯಾರೂ ಬರದಾದರು. ಕರೆಂಟಿನ ಮೀಟರು ನೋಡುವ ಗೋಪಾಲ್ ಮಾತ್ರ ನೌಕರಿಯ ಹೆದರಿಕೆಗೆ ಬಂದ. ಬಂದವನು ಎರಡನೆಯ ಹಳ್ಳದ ದಂಡೆಯಲ್ಲೇ, ಬೇವಿನ ಮರ ಅಪ್ಪಿಕೊಂಡು ನಿಂತ.

"ಏ ಕುರುಮಯ್ಯಾ! ಮೀಟರ್ ಎಷ್ಟು ತೋರಸ್ತೈತಿ, ಅಲ್ಲಿಂದಲೇ ಒದರು!"

ಕುರುಮಯ್ಯ ಅಂಕಿಗಳನ್ನು ಒಂದೊಂದಾಗಿ ಒದರಿದ. ಅಷ್ಟು ದಿನ ಒಳಗೆ ಕುದಿದಿದ್ದ ಸಿಟ್ಟು ಅಂಕಿಯ ರೂಪದಲ್ಲಿಯಾದರೂ ಹೊರಗೆ ಬರಲೆಂದು ಭಯಂಕರವಾಗಿ ಒದರಿದ. ಆಚೆ ದಂಡೆಯಲ್ಲಿ ಗೋಪಾಲನ ಪೆನ್ನು ನಿಂತಿತು.

"ಇದು ನೀನೇ ಹೇಳಾಕತ್ತೀಯೋ, ಅದು ಹೇಳಾಕತ್ತೈತೋ?"

"ನಾನ್ಲೇ ಭಾಡ್ಯಾ! ನಾನು!"

"ಅದೂ ಹಂಗ ಅಂತೈತಂತ!" ಎಂದು ಗೋಪಾಲ್ ಪುಸ್ತಕ ಮುಚ್ಚಿ ಓಡಿದ. ಆ ತಿಂಗಳ ಬಿಲ್ಲಿನಲ್ಲಿ ರೀಡಿಂಗ್ ಜಾಗದಲ್ಲಿ "ಅಡಚಣೆ" ಎಂದು ಬರೆದು ಬಂತು. ದೆವ್ವವನ್ನು ಸರಕಾರಿ ಕಾಗದದಲ್ಲಿ ಹಾಗೆ ಕರೆಯುತ್ತಾರೆಂದು ನಮಗೆ ಅಂದೇ ತಿಳಿದದ್ದು.

ಭಾನುಪ್ರಕಾಶನಿಗೆ ಫೋನು ಮಾಡಿದರೆ ಒಂದೇ ಉತ್ತರ. "ಎಡಿಟಿಂಗ್ ನಡದೈತಣ್ಣಾ. ಇನ್ನ ಹದಿನೈದೇ ದಿನ." ಹದಿನೈದು ದಿನ ಆರು ಸಲ ಕಳೆದವು.

ಇದೆಲ್ಲವನ್ನೂ ಕುರುಮಯ್ಯ ನುಂಗಿದ. ಆದರೆ ಬೀರಪ್ಪನ ಪೂಜೆ ಇನ್ನು ಎಂಟು ದಿನ ಇದೆ ಎನ್ನುವಾಗ ಗುಡಿಯ ಮುಂದೆ ಹಿರಿಯರು ಕೂಡಿ, ಪೂಜಾರಿ ಸಿದ್ದಪ್ಪ ಅವನನ್ನೂ ಬಾಲಮ್ಮನನ್ನೂ ಕರೆಸಿದ.

ಪೂಜೆಯ ದಿನ ದೇವರಿಗೆ ಏರುವ ಮೊದಲ ಭಂಡಾರದ ತಟ್ಟೆ ಬಾಲಮ್ಮನದು. ಈ ಮನೆಗೆ ಸೊಸೆಯಾಗಿ ಬಂದ ವರ್ಷ ಅತ್ತೆ ಆಕೆಯ ಕೈಗೆ ಹಿತ್ತಾಳೆಯ ತಟ್ಟೆ ಕೊಟ್ಟಿದ್ದಳು. ನಲವತ್ತೆರಡು ವರ್ಷ ಆಕೆ ಬರಿಗಾಲಿನಲ್ಲಿ ಎರಡು ಹಳ್ಳ ದಾಟಿ ಅದನ್ನು ಹೊತ್ತು ತಂದಿದ್ದಾಳೆ. ಗಂಡ ಸತ್ತ ವರ್ಷವೂ ಬೀರಪ್ಪ ಬೇಡವೆನ್ನಲಿಲ್ಲ.

"ಬಾಲವ್ವಾ, ಸಿಟ್ಟಾಗಬ್ಯಾಡ," ಎಂದ ಸಿದ್ದಪ್ಪ. "ದೆವ್ವ ಹೊಕ್ಕ ಮನಿಯಿಂದ ಮೊದಲ ತಟ್ಟಿ ಹ್ಯಾಂಗ ತಗೊಳ್ಳಿ? ಈ ವರ್ಷ ಮಲ್ಲೇಶನ ಹೆಂಡ್ತಿ ತರಲಿ ಅಂತ ಹಿರ್ಯಾರ ಮಾತು."

ಮಲ್ಲೇಶ ಬಹಳ ದುಃಖದಿಂದ ತಲೆ ಆಡಿಸಿದ. ಅವನ ಹೆಂಡತಿ ಆಗಲೇ ಹೊಸ ತಟ್ಟೆ ಕೊಂಡಿದ್ದಳು.

"ನಮ್ಮನಿಯಾಗ ದೆವ್ವ ಇಲ್ಲ!" ಕುರುಮಯ್ಯ ಎದ್ದು ನಿಂತ. "ಬೇಕಾದ್ರ ಭಂಡಾರ ಹಿಡದು ಹೇಳ್ತೀನಿ, ಇಲ್ಲ!"

"ಹಿಡಿ." ಸಿದ್ದಪ್ಪ ಬಟ್ಟಲು ಮುಂದೆ ಚಾಚಿದ. "ದೆವ್ವ ಇಲ್ಲ ಅನ್ನೋದು ಒಂದೇ ಅಲ್ಲ. ಮಲ್ಲೇಶ ಕಂಡಿದ್ದು ದೆವ್ವ ಅಲ್ಲಾಂದ್ರ ಮತ್ತೇನು, ಅದನ್ನೂ ಹೇಳು."

ಕುರುಮಯ್ಯ ಚಾಚಿದ ಕೈ ಅರ್ಧಕ್ಕೆ ನಿಂತಿತು. ಬಾಯಿ ತೆರೆದ. ಮುಚ್ಚಿದ. ಕಿವಿ ಕೆಂಪಾಯಿತು, ಕುತ್ತಿಗೆಯ ನರ ಹಗ್ಗದಂತೆ ಎದ್ದಿತು. ಕಡೆಗೆ ಅವನ ಬಾಯಿಂದ ಬಂದದ್ದು ಕುಕ್ಕರಿನ ಸೀಟಿಯಂಥ ಒಂದು ಸದ್ದು.

"ನೋಡ್ರಿ, ನೋಡ್ರಿ!" ಎಂದ ಮಲ್ಲೇಶ ಎರಡು ಹೆಜ್ಜೆ ಹಿಂದೆ ಸರಿದು. "ಇವನ ಮೈಯಾಗೂ ಬಂದೈತಿ!"

ಬಾಲಮ್ಮ ಜಗಳ ಮಾಡಲಿಲ್ಲ. ಆಕೆ ಜಗಳ ಮಾಡಿದ್ದರೆ ಒಳ್ಳೆಯದಿತ್ತು. ಆಕೆಯ ಬಾಯಿಗೆ ಇಟಿಕ್ಯಾಲದ ಪೊಲೀಸರೂ ಅಂಜುತ್ತಾರೆ. ಮನೆಗೆ ಬಂದವಳೇ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಬಿಸಿಲಿಗೆ ಒಣಗಿಸಿದಳು. ಒಲೆಯ ಹಿಂದಿನ ಗೂಡಿನಲ್ಲಿ ಬೋರಲು ಹಾಕಿದಳು.

"ಕುರುಮ್ಯಾ," ಎಂದಳು. "ನಿನ್ನ ಬಾಯಾಗ ಏನೋ ಐತಿ. ಮೂರು ತಿಂಗಳಿಂದ ನೋಡಾಕತ್ತೀನಿ. ಅದು ನನ್ನ ತಟ್ಟಿಗಿಂತ ದೊಡ್ಡದಾ?"

ಮರುದಿನ ಮೊದಲ ಬಸ್ಸಿಗೆ ಕುರುಮಯ್ಯ ಗದ್ವಾಲಿಗೆ ಹೋದ.

ಕೋಟೆಯ ಹತ್ತಿರದ ಓಣಿಯಲ್ಲಿ, ಸೀರೆಯಂಗಡಿಯ ಮಾಳಿಗೆಯ ಮೇಲೆ ಭಾನುಪ್ರಕಾಶನ ಸ್ಟುಡಿಯೋ. ಒಬ್ಬ ಮದುಮಗಳ ಮನೆಯವರು ಆಲ್ಬಮ್ಮಿಗಾಗಿ ಕಾಯುತ್ತಿದ್ದರು. ಕುರುಮಯ್ಯ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತ. ಆಗ ಅವನಿಗೆ ಒಂದು ವಿಷಯ ಹೊಳೆಯಿತು. ಈ ಗುಟ್ಟು ಗೊತ್ತಿದ್ದವರ ಮುಂದೆ ಆಡಿದರೆ ಆಣೆ ಮುರಿಯುವುದಿಲ್ಲ. ಈ ಭೂಮಿಯ ಮೇಲೆ ಅವನು ಬಾಯಿ ಬಿಟ್ಟು ಬೈಯಬಹುದಾದ ಒಬ್ಬನೇ ಒಬ್ಬ ಮನುಷ್ಯ ಎದುರಿಗೇ ಕುಳಿತಿದ್ದ.

"ಹೊರಗ ಕುಂದರ್ರಿ," ಎಂದು ಮದುಮಗಳ ಮನೆಯವರನ್ನು ಕಳಿಸಿ ಬಾಗಿಲು ಹಾಕಿದ. ಆಮೇಲೆ ಶುರುವಾಯಿತು. ಮೂರು ತಿಂಗಳ ಸಿಟ್ಟು, ಕನ್ನಡದಲ್ಲಿ ಸ್ವಲ್ಪ, ತೆಲುಗಿನಲ್ಲಿ ಸ್ವಲ್ಪ, ಎರಡೂ ಸಾಲದಾದಾಗ ಉರ್ದುವಿನಲ್ಲಿ. ಮುಕ್ಕಾಲು ಗಂಟೆ. ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದ ಮದುಮಗಳ ತಂದೆ ಗೋಡೆಗೆ ಕಿವಿಯಾನಿಸಿ, "ಆಲ್ಬಮ್ ತಡ ಆಗಿದ್ದಕ್ಕ ಇಷ್ಟು ಬೈಬಹುದಂತ ನನಗ ಗೊತ್ತೇ ಇರ್ಲಿಲ್ಲ," ಎಂದನಂತೆ.

"ಅಣ್ಣಾ, ಅಣ್ಣಾ, ನಾನೇನು ಮಾಡ್ಲಿ?" ಎಂದ ಭಾನುಪ್ರಕಾಶ ಉಸಿರು ಸಿಕ್ಕಾಗ. "ಹೈದರಾಬಾದಿನವರು ಸಿನಿಮಾ ತಗೊಂಡು ನೋಡ್ತೀವಿ ಅಂದ್ರು. ನೋಡೇ ಇಲ್ಲ. ಆ ಓಡಿದವನ ಶಾಟ್ ಒಂದೇ ಸಾಕು, ಸಿನಿಮಾ ಎತ್ತಾಕ! ಏನ್ ನ್ಯಾಚುರಲ್ ಅಂತೀ!"

ಹೀರೋನ ಓಟ ಹೊಗಳುತ್ತಿದ್ದಾನೆಂದು ತಿಳಿದು ಕುರುಮಯ್ಯನಿಗೆ ಇನ್ನಷ್ಟು ಉರಿಯಿತು. "ಓಡಿದವನ ಕಥಿ ಬಿಡ್ರಿ! ನಮ್ಮವ್ವನ ತಟ್ಟಿ ಹೋಗಾಕತ್ತೈತಿ!"

"ಹಂಗಾರ ಹೇಳಿಬಿಡಣ್ಣಾ ಎಲ್ಲಾರಿಗೂ. ನಂದೇನೂ ತಕರಾರಿಲ್ಲ. ಮಾಫ್ ಮಾಡ್ದೆ, ಹೋಗು."

"ನೀನ್ಯಾಂವಲೇ ಮಾಫ್ ಮಾಡಾಂವ?" ಕುರುಮಯ್ಯ ಮೇಜು ಗುದ್ದಿದ. "ಮಾತು ಕೊಟ್ಟಿದ್ದು ನಿನಗಾ? ಬೀರಪ್ಪಗ! ತೆರೆ ಮ್ಯಾಲ ಬರೋ ತನಕ ಅಂದೀನಿ. ಬರಬೇಕು. ಇವತ್ತು ಬರಬೇಕು. ಯಾವ ತೆರೆ ಅಂತ ನಾನು ಹೇಳಿಲ್ಲ. ಮದುವ್ಯಾಗ ಬಿಳಿ ಬಟ್ಟಿ ಕಟ್ಟಿ ತೋರಸ್ತೀಯಲ್ಲ, ಅದು ತೆರೆ ಹೌದಿಲ್ಲೋ?"

"ಹೌದು..."

"ಎತ್ತು. ಮಷೀನೂ ಎತ್ತು."

ಬಸ್ ನಿಲ್ದಾಣದಿಂದ ಕುರುಮಯ್ಯ ಮಕ್ತಲಕ್ಕೆ ಫೋನು ಮಾಡಿದ. ಮೂರು ತಿಂಗಳಲ್ಲಿ ಮೊದಲ ಸಲ ಅನಂತಮ್ಮ ಫೋನು ಎತ್ತಿದಳು.

"ನಿನ್ನ ಸೀರಿ ಉಟ್ಟಾಕಿನ್ನ ಇವತ್ತು ಸಂಜಿಗೆ ಗುಡಿ ಮುಂದ ತೋರಸ್ತೀನಿ. ಬಾ."

ಆ ಕಡೆಯಿಂದ "ಕಸಬರಿಗಿ ತಗೊಂಡು ಬರ್ತೀನಿ," ಎಂಬ ಉತ್ತರ ಬಂತು.

ಕುರುಮಯ್ಯನ ಮನೆಯಲ್ಲಿ ಕಂಡ ದೆವ್ವವನ್ನು ಸಂಜೆ ಬೀರಪ್ಪನ ಗುಡಿಯ ಮುಂದೆ ಬಟ್ಟೆಯ ಮೇಲೆ ತೋರಿಸುತ್ತಾರಂತೆ ಎಂದು ಸುದ್ದಿ ಹಬ್ಬಿದ ಮೇಲೆ ಊರಿನಲ್ಲಿ ಯಾರು ಮನೆಯಲ್ಲಿ ಉಳಿಯುತ್ತಾರೆ? ಗೋಪಾಲ್ ಬಂದು ಕಂಬದಿಂದ ಕರೆಂಟು ಎಳೆದುಕೊಟ್ಟ. ಸಿದ್ದಪ್ಪ ಭಂಡಾರದ ಬಟ್ಟಲು ಮಡಿಲಲ್ಲಿಟ್ಟುಕೊಂಡು, ದೆವ್ವ ಬಟ್ಟೆ ಹರಿದು ಹೊರಗೆ ಬಂದರೆ ಎರಚಲು ಸಿದ್ಧನಾಗಿ ಮುಂದಿನ ಸಾಲಿನಲ್ಲಿ ಕುಳಿತ. ಬಾಲಮ್ಮ ಹೆಂಗಸರ ನಡುವೆ ಕುಳಿತಳು. ಅನಂತಮ್ಮ ತಂಗಿಯೊಡನೆ, ಹೇಳಿದಂತೆ ಕಸಬರಿಗೆ ಹಿಡಿದು ಬಂದು, ಬಂದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ದಿಟ್ಟಿಸಿದಳು. ಮಲ್ಲೇಶ ದೆವ್ವ ಕಂಡ ಮೊದಲ ಮನುಷ್ಯನೆಂದು ಅವನಿಗೆ ಕುರ್ಚಿ ಹಾಕಿದ್ದರು.

ಕತ್ತಲಾಗುತ್ತಲೇ ಬಟ್ಟೆ ಬೆಳಗಿತು. ಮೊದಲು ಹೆಸರುಗಳು ಬಂದವು. ಕುರುಮಯ್ಯ ಉಸಿರು ಹಿಡಿದು ನೋಡಿದ. ಹೀರೋನ ಹೆಸರು ಬಂತು. ದೆವ್ವದ ಪಾತ್ರದಲ್ಲಿ ಎಂದು ದೊಡ್ಡ ಅಕ್ಷರದಲ್ಲಿ ಬಂದದ್ದು ಉಣ್ಣೆಹುಳ ಕಚ್ಚಿಸಿಕೊಂಡು ಓಡಿಹೋದ ಕರ್ನೂಲಿನ ನಟಿಯ ಹೆಸರು.

"ಲೇ ಭಾನುಪ್ರಕಾಶಾ!"

"ಪೋಸ್ಟರ್ ಮೊದಲೇ ಅಚ್ಚಾಗಿತ್ತಣ್ಣಾ," ಎಂದ ಭಾನುಪ್ರಕಾಶ ಮಷೀನಿನ ಹಿಂದೆ ಅಡಗುತ್ತಾ.

ಕುರುಮಯ್ಯ ಎದ್ದು ಇನ್ನೇನೋ ಹೇಳಬೇಕೆನ್ನುವಷ್ಟರಲ್ಲಿ ದೆವ್ವ ಬಂತು.

ನೀಲಿ ಬೆಳದಿಂಗಳು. ಬಂಡೆಗಳ ನಡುವೆ ಒಂಟಿ ಮನೆ. ಬಾಗಿಲು ಕಿರ್ರೆಂದಿತು. ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಆರಡಿ ಎತ್ತರದ ಆಕಾರವೊಂದು ಎಡಕ್ಕೆ ವಾಲುತ್ತಾ ಹೊರಗೆ ಬಂದು, ಕೈ ಚಾಚಿ, "ಹುರ್ರೋ... ಹೋಹೋಹೋ!" ಎಂದಿತು. ಸಿದ್ದಪ್ಪ ಒಂದು ಮುಷ್ಟಿ ಭಂಡಾರ ಬಟ್ಟೆಗೆ ಎರಚಿಯೇಬಿಟ್ಟ.

ಹೆಂಗಸರ ಸಾಲಿನಿಂದ ಒಂದು ಧ್ವನಿ ಸಿಡಿಯಿತು.

"ನನ್ನ ಸೀರಿ!" ಅನಂತಮ್ಮ ಎದ್ದು ನಿಂತಿದ್ದಳು. "ನನ್ನ ಮದುವಿ ಸೀರಿ! ಆ ವಾಲಾಟ ನೋಡ್ರಿ, ಅದು ನನ್ನ ಗಂಡ!"

"ನನ್ನ ಉಣ್ಣಿ!" ಬಾಲಮ್ಮ ಎದ್ದಳು. "ಬೀರಪ್ಪನ ಗದ್ದಗಿ ಉಣ್ಣಿ ತಲಿ ಮ್ಯಾಲ ಹೊತ್ತಾನ, ಹಲ್ಕಟ್ಟ!"

ಇಬ್ಬರೂ ಅವನ ಕಡೆ ತಿರುಗುವಷ್ಟರಲ್ಲಿ, ತೆರೆಯ ಮೇಲೆ ದೆವ್ವದ ಹಿಂದೆ ಕುರಿಗಳು ಹೊರಟವು. ದೊಡ್ಡಿಯ ಹಿಂದಿನ ಮುಳ್ಳುಬೇಲಿಯಿಂದ ಒಬ್ಬ ಮನುಷ್ಯ ದಡಬಡನೆ ಹೊರಗೆ ಬಿದ್ದ. ದೆವ್ವವನ್ನು ಕಂಡ. ಬಾಯಿ ಗುಹೆಯಂತೆ ತೆರೆಯಿತು. ಪಂಚೆ ಬೇಲಿಗೆ ಸಿಕ್ಕು ಅಲ್ಲೇ ಉಳಿಯಿತು. ಪಟ್ಟೆಪಟ್ಟೆಯ ಚಡ್ಡಿಯಲ್ಲಿ ಅವನು ಕ್ಯಾಮೆರಾದ ಕಡೆಗೇ ಓಡಿ ಬಂದ. ಕಂಕುಳಲ್ಲಿ ಒಂದು ಕರಿ ಮರಿ. ಮರಿಯ ಬಿಳಿ ಬಾಲ ನೀಲಿ ಬೆಳದಿಂಗಳಲ್ಲಿ ಬಾವುಟದಂತೆ ಅಲ್ಲಾಡುತ್ತಿತ್ತು. ಹತ್ತಿರ, ಇನ್ನೂ ಹತ್ತಿರ, ಮುಖ ಇಡೀ ತೆರೆ ತುಂಬಿತು. ಮಲ್ಲೇಶ.

"ನನ್ನ ಮರಿ!" ಎಂದು ಕುರುಮಯ್ಯ ಹಾಕಿದ ಕೂಗಿಗೆ ಗುಡಿಯ ಗಂಟೆ ತಾನಾಗಿ ಅಲ್ಲಾಡಿತು ಎನ್ನುತ್ತಾರೆ. ನಾನಂತೂ ಕೇಳಿದೆ.

"ಇವನೇ ನೋಡ್ರಿ, ಆ ಆರ್ಟಿಸ್ಟ್!" ಭಾನುಪ್ರಕಾಶ ಕುರ್ಚಿಯ ಕಡೆ ಕೈ ತೋರಿಸಿ ಆನಂದದಿಂದ ಕೂಗಿದ. "ಎಂಥಾ ಅಭಿನಯ!"

ಮಲ್ಲೇಶ ಕುರ್ಚಿಯಿಂದ ಎದ್ದಿದ್ದ. ಬೆವರುತ್ತಿದ್ದ. "ಸುಳ್ಳು! ಇದು ನಾನಲ್ಲ! ನಾನು ಅಲ್ಲಿಗೆ ಹೋಗಿದ್ದು ಮಧ್ಯಾಹ್ನ! ಇಲ್ಲಿ ನೋಡ್ರಿ, ರಾತ್ರಿ ಐತಿ, ಬೆಳದಿಂಗಳೈತಿ! ರಾತ್ರಿ ನಾನು ಮನಿಯಾಗ ಮಲಗಿದ್ದೆ, ನನ್ನ ಹೆಂಡ್ತಿ ಸಾಕ್ಷಿ!"

ಹಿರಿಯರು ಒಂದು ಕ್ಷಣ ಗೊಂದಲಕ್ಕೆ ಬಿದ್ದರು. ಮಾತಿನಲ್ಲಿ ತೂಕವಿತ್ತು.

"ರಾತ್ರಿ ಎಲ್ಲಿ ಬಂತ್ರಿ?" ಭಾನುಪ್ರಕಾಶನಿಗೆ ತನ್ನ ಕಸುಬಿನ ಬಗ್ಗೆ ಸಂದೇಹ ಪಟ್ಟರೆ ಆಗುವುದಿಲ್ಲ. "ಮಧ್ಯಾಹ್ನ ಎರಡು ಗಂಟೆಗೆ ತೆಗೆದಿದ್ದು! ನಾನು ನೀಲಿ ಬಳಿದೀನಿ. ತಗೀಲಾ?" ಎಂದು ಅಲ್ಲೇ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಬೆಳದಿಂಗಳು ಹರಿದು ಸುಡು ಸುಡು ಬಿಸಿಲಾಯಿತು. ಬಿಸಿಲಿನಲ್ಲಿ ಮಲ್ಲೇಶನ ಮುಖ ಇನ್ನೂ ಸ್ಪಷ್ಟವಾಯಿತು. ಚಡ್ಡಿಯ ಪಟ್ಟೆಗಳು ಹಸಿರೆಂದೂ ತಿಳಿಯಿತು.

"ಎಮ್ಮಿ ಹುಡುಕಾಕ ಹೋಗಿದ್ದೆ ಅಂದಿದ್ದಿ," ಎಂದ ಸಿದ್ದಪ್ಪ ಮೆಲ್ಲಗೆ. "ನಿನ್ನ ಎಮ್ಮಿ ಹೋದ ವರ್ಷ ಮಾರಿದಿಯಲ್ಲೋ?"

ಮಲ್ಲೇಶ ಓಡಿದ. ತೆರೆಯ ಮೇಲೂ ಓಡುತ್ತಿದ್ದ, ತೆರೆಯ ಮುಂದೂ ಓಡಿದ. ಎರಡೂ ಓಟ ಒಂದೇ ಥರ ಇದ್ದುದರಿಂದ ಸಾಕ್ಷಿ ಬೇರೆ ಬೇಕಾಗಲಿಲ್ಲ. ಹಿಂದಿನಿಂದ ಅನಂತಮ್ಮನ ಕಸಬರಿಗೆ ಹಾರಿತು. ಅದು ಮೊದಲಿನಿಂದಲೂ ಯಾರಿಗಾದರೂ ಬೀಳಲೇಬೇಕಿತ್ತು.

ಈಗ ಆಣೆ ತೀರಿತ್ತು. ಸಿನಿಮಾ ತೆರೆಯ ಮೇಲೆ ಬಂದಿತ್ತು. ಮೂರು ತಿಂಗಳಿಂದ ಕೂಡಿಟ್ಟ ಮಾತಿನ ಗಂಟು ಬಿಚ್ಚಲು ಕುರುಮಯ್ಯ ಗುಡಿಯ ಕಟ್ಟೆ ಹತ್ತಿ ನಿಂತ. "ಕೇಳ್ರೀ! ಈಗ ನಾನು ಹೇಳ್ತೀನಿ! ಆವತ್ತು ಏನಾತಂದ್ರ..."

"ಏ, ಕೆಳಗ ಇಳಿಯಪ್ಪಾ, ಅಡ್ಡ ಆಗಾಕತ್ತೀದಿ!" ಎಂದರು ಜನ. "ಆ ಪಂಚಿ ಬಿಚ್ಚೋದು ಇನ್ನೊಮ್ಮೆ ಹಾಕ್ರಿ!"

"ನನ್ನ ಮಾತು ಕೇಳ್ರೋ! ಮೂರು ತಿಂಗಳು..."

"ಎಲ್ಲಾ ಕಾಣಾಕತ್ತೈತಲ್ಲ, ಮತ್ತೇನು ಹೇಳೋದೈತಿ?" ಎಂದ ಗೋಪಾಲ್.

ಪಂಚೆ ಆ ಸಂಜೆ ಐದು ಸಲ ಬಿಚ್ಚಿತು. "ಇದು ಭಯದ ಸಿನಿಮಾ ರಿ, ನಗಬಾರ್ದು!" ಎಂದು ಭಾನುಪ್ರಕಾಶ ಪ್ರತಿ ಸಲ ಸಿಟ್ಟಿನಿಂದ ಹೇಳುತ್ತಿದ್ದ. ಯಾರೂ ಅವನ ಮಾತನ್ನೂ ಕೇಳಲಿಲ್ಲ.

ಮಲ್ಲೇಶ ಮರಿಯನ್ನು ಐಜದಲ್ಲಿ ಮಾವನ ಮನೆಯಲ್ಲಿ ಬಚ್ಚಿಟ್ಟಿದ್ದ. ಹಿರಿಯರ ಹುಕುಮಿಗೆ ಮರುದಿನವೇ ವಾಪಸು ತಂದ. ಮರಿ ಈಗ ಕುರಿಯಾಗಿತ್ತು. ಬಾಲ ಮಾತ್ರ ಬಿಳಿಯೇ.

ಪೂಜೆಯ ದಿನ ಬಾಲಮ್ಮ ಬರಿಗಾಲಿನಲ್ಲಿ ಎರಡು ಹಳ್ಳ ದಾಟಿ ಬಂದಳು. ತಲೆಯ ಮೇಲೆ ಹಿತ್ತಾಳೆಯ ತಟ್ಟೆ ಬಂಗಾರದಂತೆ ಹೊಳೆಯುತ್ತಿತ್ತು. ಸಿದ್ದಪ್ಪ ಎದ್ದು ಬಂದು ಎರಡೂ ಕೈಯಿಂದ ಅದನ್ನು ಇಳಿಸಿಕೊಂಡ, ಕಣ್ಣಿಗೆ ಒತ್ತಿಕೊಂಡ. ಆಕೆಯ ಹಿಂದೆ ಕುರುಮಯ್ಯ, ಬೆಲ್ಲ ಹೋಗುವ ತನಕ ಏಳು ಸಲ ತಾನೇ ಒಗೆದ ಸೀರೆಯನ್ನು ಉಟ್ಟ ಹೆಂಡತಿಯ ಜೊತೆ, ಕಂಕುಳಲ್ಲಿ ಉಣ್ಣೆಯ ಗಂಟು ಹಿಡಿದು ನಿಂತಿದ್ದ. ಗದ್ದುಗೆಯ ಕಂಬಳಿಯ ನೂಲನ್ನು ಅವನೇ ತೆಗೆಯಬೇಕೆಂದು ತಾಯಿಯ ಅಪ್ಪಣೆಯಾಗಿತ್ತು.

ಬಾಲಮ್ಮ ತಟ್ಟೆಯಿಂದ ಒಂದು ಮುಷ್ಟಿ ಭಂಡಾರ ತೆಗೆದು ಮಗನ ಮುಂದೆ ಹಿಡಿದಳು. ಇಡೀ ಊರು ನೋಡುತ್ತಿತ್ತು.

"ಹಿಡಿ. ಇನ್ನ ಮ್ಯಾಲ ಹೆಂಡ್ತಿ ಸೀರಿ ಮುಟ್ಟಂಗಿಲ್ಲ, ಸಿನಿಮಾದವರ ಮಾತು ಕೇಳಂಗಿಲ್ಲ ಅಂತ ಹೇಳು."

ಕುರುಮಯ್ಯ ಉಣ್ಣೆಯ ಗಂಟನ್ನು ಕೆಳಗೆ ಹಾಕಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದ.

"ಯವ್ವಾ, ಕಾಗದ ತರಸು," ಎಂದ. "ದಸ್ಕತ್ತು ಹಾಕ್ತೀನಿ."